ಮಗು ಬೀಳಲಿ, ಎತ್ತರದಿಂದ ಬೇಡ

(ಮೈಸೂರಿನ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಎಳೆಯ ಮಕ್ಕಳ ತಂದೆತಾಯಿಯರು ಮತ್ತು ಅಜ್ಜ ಅಜ್ಜಿಯರ ಮುಂದೆ ಮಕ್ಕಳ ವೈದ್ಯನಾಗಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಣ್ಣದೊಂದು ಲೆಕ್ಕದಿಂದ ಶುರು ಮಾಡುತ್ತೇನೆ. ಹಾಸಿಗೆಯೂ ಸೇರಿ ನಮ್ಮ ಮನೆಗಳ ಮಂಚದ ಎತ್ತರ ಸುಮಾರು 50 ಸೆಂಟಿಮೀಟರ್. ಅಷ್ಟು ಎತ್ತರದಿಂದ ಬಿದ್ದದ್ದು ನೆಲ ಮುಟ್ಟುವುದಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಪ್ರೌಢಶಾಲೆಯ ಭೌತಶಾಸ್ತ್ರ ನೆನಪಿರುವವರು ಕಾಗದದ ಮೇಲೆ ಗುಣಿಸಿ ನೋಡಬಹುದು. ಇನ್ನು ನಮ್ಮ ವೇಗವೆಷ್ಟು? ಕಣ್ಣಿಗೆ ಕಂಡದ್ದು ಮಿದುಳಿಗೆ ತಿಳಿದು ಕೈ ಅಲುಗಲು ತೊಡಗುವುದಕ್ಕೇ ಸೆಕೆಂಡಿನ ಐದನೇ ಒಂದು ಭಾಗ ಹೋಗುತ್ತದೆ, ಅದೂ ಅದಕ್ಕೆಂದೇ ಕಾದು ಕುಳಿತಿದ್ದಾಗ. ಉಳಿದ ಚೂರು ಸಮಯದಲ್ಲಿ ಕೈ ಚಾಚಿ ಮಗುವನ್ನು ಹಿಡಿಯಬೇಕು. ಪಕ್ಕದಲ್ಲೇ ಕುಳಿತಿದ್ದವರಿಗೂ ಅದು ಸಾಮಾನ್ಯವಾಗಿ ಆಗುವುದಿಲ್ಲ.

ಈ ಲೆಕ್ಕ ಹೇಳಿದ್ದಕ್ಕೆ ಕಾರಣವಿದೆ. ಮಗು ಬಿದ್ದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, "ನೀನು ಎಲ್ಲಿದ್ದೆ?" ಅದನ್ನು ತಾಯಿಯನ್ನೇ ಕೇಳುತ್ತಾರೆ, ತಂದೆಯನ್ನು ಯಾರಾದರೂ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ಇದರ ಪರಿಣಾಮ ಚಿಕಿತ್ಸಾಲಯದಲ್ಲಿ ಗೊತ್ತಾಗುತ್ತದೆ. ಮಗು ಮಂಕಾಗಿದೆ, ವಾಂತಿ ಮಾಡುತ್ತಿದೆ ಎಂದು ಕರೆತರುತ್ತಾರೆ. ಏನಾಯಿತೆಂದು ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ. ಹಿರಿಯರು ಔಷಧಿ ಚೀಟಿ ಹಿಡಿದು ಹೊರಗೆ ಹೋದ ಮೇಲೆ ತಾಯಿ ತಗ್ಗಿದ ದನಿಯಲ್ಲಿ, "ನಿನ್ನೆ ಮಂಚದಿಂದ ಬಿದ್ದಿತ್ತು ಡಾಕ್ಟರೇ" ಎನ್ನುತ್ತಾಳೆ. ಬೈಗುಳದ ಭಯಕ್ಕೆ ಒಂದು ಇಡೀ ರಾತ್ರಿ ಕಳೆದುಹೋಗಿರುತ್ತದೆ. ಆದ್ದರಿಂದ ಇಲ್ಲಿರುವ ಅತ್ತೆ ಮಾವಂದಿರಲ್ಲಿ ನನ್ನ ವಿನಂತಿ ಇಷ್ಟೇ: ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಮುಗಿದುಹೋಗುವ ಘಟನೆಗೆ ಸೊಸೆಯನ್ನು ಹೊಣೆ ಮಾಡಬೇಡಿ. ಮಗುವಿನ ಮೇಲೆ ಕಣ್ಣಿರಬೇಕು, ನಿಜ. ಆದರೆ ಬೀಳದಂತೆ ಕಾಯುವುದು ಮನೆಯ ಏರ್ಪಾಡು. ಮಗುವನ್ನು ಎತ್ತರದಲ್ಲಿ ಬಿಟ್ಟು ಕಣ್ಣನ್ನು ನಂಬಿದರೆ ಮೋಸ ಹೋಗುತ್ತೇವೆ.

ಮಕ್ಕಳು ಏಕೆ ಇಷ್ಟು ಬೀಳುತ್ತಾರೆ? ಮೊದಲ ಕಾರಣ ತಲೆ. ಹುಟ್ಟಿದ ಮಗುವಿನ ಉದ್ದದಲ್ಲಿ ತಲೆಯ ಪಾಲು ಕಾಲು ಭಾಗ, ನಮ್ಮಲ್ಲಿ ಅದು ಸುಮಾರು ಎಂಟನೇ ಒಂದು ಭಾಗ. ದೇಹದ ಭಾರವೆಲ್ಲ ಮೇಲ್ಗಡೆ ಇರುವುದರಿಂದ ಅಂಚಿನಲ್ಲಿ ಸ್ವಲ್ಪ ಬಾಗಿದರೂ ಮಗು ತಲೆ ಕೆಳಗಾಗಿಯೇ ಉರುಳುತ್ತದೆ. ಕೈ ಮುಂದೆ ಚಾಚಿ ನೆಲಕ್ಕೆ ಊರುವ ಅಭ್ಯಾಸ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಾಗಾಗಿ ಮೊದಲ ವರ್ಷದ ಪೆಟ್ಟು ಹಣೆಗೆ, ತಲೆಗೆ.

ಎರಡನೆಯ ಕಾರಣ, ಇವತ್ತು ಮಾಡುವುದನ್ನು ಮಗು ನಿನ್ನೆ ಮಾಡುತ್ತಿರಲಿಲ್ಲ. ಮೊದಲ ಸಲ ಕವುಚಿಕೊಳ್ಳುವ ದಿನವನ್ನು ಯಾವ ಮಗುವೂ ಮುಂಚಿತವಾಗಿ ಹೇಳುವುದಿಲ್ಲ. "ನಮ್ಮದು ಇನ್ನೂ ಮಗುಚುವುದಿಲ್ಲ" ಎಂದು ದಿವಾನದ ನಡುವೆ ಮಲಗಿಸಿ ಹಾಲು ಉಕ್ಕೀತೆಂದು ಅಡುಗೆಮನೆಗೆ ಹೋಗುತ್ತೀರಿ. ಅದು ಅಂದೇ ಮಗುಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸರೆಯಿಲ್ಲದೆ ಕೂರುವ ವಯಸ್ಸು 3.8 ತಿಂಗಳಿನಿಂದ 9.2 ತಿಂಗಳವರೆಗೆ ಹರಡಿದೆ. ಅಂಬೆಗಾಲಿಡುವುದು 5.2ರಿಂದ 13.5 ತಿಂಗಳು, ಯಾರ ಆಸರೆಯೂ ಇಲ್ಲದೆ ನಡೆಯುವುದು 8.2ರಿಂದ 17.6 ತಿಂಗಳು. ಶೇಕಡಾ ನಾಲ್ಕರಷ್ಟು ಮಕ್ಕಳು ಮೊಣಕಾಲೂರಿ ಅಂಬೆಗಾಲಿಟ್ಟದ್ದೇ ಇಲ್ಲ. ಅಂದರೆ ಪಕ್ಕದ ಮನೆಯ ಮಗುವನ್ನು ನೋಡಿ ನಿಮ್ಮ ಮನೆಯನ್ನು ಸಿದ್ಧ ಮಾಡಲು ಬರುವುದಿಲ್ಲ. ಮನೆ ಮಗುವಿಗಿಂತ ಕನಿಷ್ಠ ಒಂದು ಹಂತ ಮುಂದಿರಬೇಕು. ಕುಳಿತಿರುವ ಮಗುವಿನ ಮನೆ ತೆವಳುವ ಮಗುವಿಗೆ ತಯಾರಾಗಿರಲಿ, ತೆವಳುವ ಮಗುವಿನ ಮನೆ ಹಿಡಿದು ನಿಲ್ಲುವ ಮಗುವಿಗೆ.

ಮೂರನೆಯ ಕಾರಣ ನನಗೆ ಬಹಳ ಇಷ್ಟವಾದದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬವರು ಮಾಡಿದ ಒಂದು ಪ್ರಯೋಗ 1960ರಲ್ಲಿ ಪ್ರಸಿದ್ಧವಾಯಿತು. ದಪ್ಪ ಗಾಜಿನ ಮೇಜು. ಅರ್ಧ ಭಾಗದಲ್ಲಿ ಗಾಜಿನ ಕೆಳಗೇ ಬಟ್ಟೆ, ಉಳಿದರ್ಧದಲ್ಲಿ ಕೆಳಗೆ ಆಳ ಕಾಣುತ್ತದೆ. ಆಚೆ ಬದಿಯಲ್ಲಿ ತಾಯಿ ನಿಂತು ಕರೆಯುತ್ತಾಳೆ. ತೆವಳುವ ಮಕ್ಕಳಲ್ಲಿ ಹೆಚ್ಚಿನವರು ಆಳ ಕಂಡು ನಿಂತುಬಿಟ್ಟರು. ಅಂಚು ಅಂದರೆ ಮಕ್ಕಳಿಗೆ ಗೊತ್ತಾಗುತ್ತದೆ ಎಂಬ ಸಮಾಧಾನದ ಮಾತು ಅಲ್ಲಿಂದ ಹುಟ್ಟಿತು.

ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರನ್ ಅಡಾಲ್ಫ್ ಗಾಜನ್ನೇ ತೆಗೆದುಬಿಟ್ಟರು. ನಡುವೆ ನಿಜವಾದ ಕಂದಕ ಬಿಟ್ಟು, ಬಿದ್ದರೆ ಹಿಡಿಯಲು ಒಬ್ಬರನ್ನು ನಿಲ್ಲಿಸಿ ನೋಡಿದರು. ಕುಳಿತು ಅಭ್ಯಾಸವಾಗಿದ್ದ ಮಗು, ಕುಳಿತಿದ್ದಾಗ ಕೈಗೆಟುಕದ ಆಟಿಕೆಗೆ ಬಾಗಲಿಲ್ಲ. ಅದೇ ಮಗುವನ್ನು ಅದೇ ಅಂಚಿನಲ್ಲಿ ಅಂಬೆಗಾಲಿನ ಭಂಗಿಯಲ್ಲಿ ಇಟ್ಟರೆ ನೇರವಾಗಿ ಕಂದಕಕ್ಕೇ ಹೋಯಿತು. ಇಳಿಜಾರಿನ ಮೇಲೆ ನಡೆಸಿದ ಪ್ರಯೋಗಗಳಲ್ಲೂ ಹೀಗೇ ಆಯಿತು: ವಾರಗಟ್ಟಲೆ ತೆವಳಿ ಕಲಿತ ಎಚ್ಚರಿಕೆ ನಡೆಯಲು ಶುರು ಮಾಡಿದ ಮೇಲೆ ಕೈ ಕೊಟ್ಟಿತು, ಮಗು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಆದ್ದರಿಂದ "ನಮ್ಮ ಮಗು ಮೆಟ್ಟಿಲ ಹತ್ತಿರ ಹೋಗಿ ತಾನೇ ಹಿಂದೆ ಬರುತ್ತದೆ, ಬಹಳ ಜಾಣ" ಎಂದು ಹೇಳುವವರು ಒಂದು ಮಾತು ಸೇರಿಸಿಕೊಳ್ಳಿ: ಈ ಭಂಗಿಯಲ್ಲಿ ಮಾತ್ರ ಜಾಣ.

ಹಾಗಾದರೆ ಬೀಳಲು ಬಿಡಲೇಬಾರದೇ? ಬಿಡಬೇಕು, ನೆಲದ ಮೇಲೆ. ಅಡಾಲ್ಫ್ ಅವರ ತಂಡದ್ದೇ 2012ರ ಒಂದು ಲೆಕ್ಕವಿದೆ. ಒಂದು ವರ್ಷದಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಆಡುತ್ತಿರುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತಾರೆ, 17 ಸಲ ಬೀಳುತ್ತಾರೆ. ಗಂಟೆಗೆ ಹದಿನೇಳು! ಇದರಲ್ಲಿ ಬಹುಪಾಲಿಗೆ ಮಗು ಅಳುವುದೂ ಇಲ್ಲ. ಕುಂಡೆ ಊರಿ ಕೂತು, ಎದ್ದು, ಹೊರಡುತ್ತದೆ. ಅಳು ಬರುವುದು ಹಲವು ಸಲ ನಮ್ಮ "ಅಯ್ಯೋ" ಕೇಳಿದ ಮೇಲೆ. ನೆಲಕ್ಕೆ ಎರಡೇಟು ಹೊಡೆದು "ನೋಡು, ಇರುವೆ ಸತ್ತುಹೋಯಿತು" ಎನ್ನುವ ಅಜ್ಜಿಯ ಉಪಾಯ ವೈದ್ಯಶಾಸ್ತ್ರದಲ್ಲಿಲ್ಲ, ಆದರೆ ನಾನು ಅದರ ಪರವಾಗಿದ್ದೇನೆ.

ನಿಂತ ಮಗು ತನ್ನ ಎತ್ತರದಿಂದ ಬೀಳುವುದಕ್ಕೂ ಮಂಚ, ಮೆಟ್ಟಿಲು, ಬಾಲ್ಕನಿಯಿಂದ ಬೀಳುವುದಕ್ಕೂ ಇರುವ ಅಂತರವನ್ನು ನಾವು ಮನಸ್ಸಿನಲ್ಲಿ ಬೇರೆ ಬೇರೆ ಇಟ್ಟುಕೊಳ್ಳಬೇಕು. ಎತ್ತರ ಎರಡು ಪಟ್ಟಾದರೆ ಬಡಿತದ ಶಕ್ತಿಯೂ ಎರಡು ಪಟ್ಟು. ಮೂರು ಮೀಟರ್, ಅಂದರೆ ಒಂದು ಮಹಡಿಯಿಂದ ಬಿದ್ದರೆ ನೆಲಕ್ಕೆ ತಾಗುವ ವೇಗ ಗಂಟೆಗೆ 28 ಕಿಲೋಮೀಟರಿನಷ್ಟಿರುತ್ತದೆ. ಮೊದಲನೆಯದಕ್ಕೆ ಹೆದರಿ ದಿನವಿಡೀ ಮಗುವನ್ನು ಸೊಂಟದ ಮೇಲೆ ಹೊರುವುದು, ಎರಡನೆಯದರ ಬಗ್ಗೆ "ಏನಾಗುತ್ತದೆ ಬಿಡಿ" ಎನ್ನುವುದು ನಮ್ಮ ಅಭ್ಯಾಸ. ಅದನ್ನು ತಿರುಗಿಸಿಕೊಳ್ಳಬೇಕು.

ಈಗ ಮನೆಯೊಳಗೆ ಬರೋಣ. ನಮ್ಮ ಹಳೆಯ ಪದ್ಧತಿಗಳಲ್ಲಿ ಕೆಲವು ಇಂದಿನ ಪೀಠೋಪಕರಣಗಳಿಗಿಂತ ವಿವೇಕದವು. ನೆಲದಲ್ಲಿ ಮಣೆ ಹಾಕಿ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ನೀರು ಹಾಕುವ ಅಜ್ಜಿಯ ಕೈಯಿಂದ ಮಗು ಜಾರಿದರೂ ಅದು ಬೀಳುವುದು ನಾಲ್ಕು ಬೆರಳಿನಷ್ಟು. ಅದೇ ಎಣ್ಣೆ ಹಚ್ಚಿದ ಮಗುವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಒರೆಸಲು ಹೋದರೆ ಕಥೆ ಬೇರೆ. ಬಟ್ಟೆ ಬದಲಿಸುವುದು, ಡೈಪರ್ ಹಾಕುವುದು ಎಲ್ಲವೂ ಚಾಪೆಯ ಮೇಲಿರಲಿ. ಬಾಣಂತಿಗೆ ಬೆನ್ನುನೋವಿದ್ದರೆ ಮಂಚದ ಮೇಲೆ ಮಾಡಲಿ, ಆದರೆ ಒಂದು ಕೈ ಸದಾ ಮಗುವಿನ ಮೇಲಿರಲಿ. ಮಗು ಮಗುಚಲು ಶುರು ಮಾಡುವ ಮೊದಲೇ ಹಾಸಿಗೆಯನ್ನು ನೆಲಕ್ಕೆ ಇಳಿಸುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಗಟ್ಟಿಯಾದ ಉಪಾಯ. ಸುತ್ತ ದಿಂಬು ಜೋಡಿಸುವುದು ಉಪಾಯವಲ್ಲ. ಪುಟ್ಟ ಮಗುವಿನ ಮೂಗಿಗೆ ದಿಂಬು ಅಡ್ಡವಾಗುತ್ತದೆ, ದೊಡ್ಡದು ಅದನ್ನೇ ಮೆಟ್ಟಿ ಇನ್ನೂ ಎತ್ತರದಿಂದ ಬೀಳುತ್ತದೆ.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಸರಪಳಿಯ ತೊಟ್ಟಿಲೂ ಸೀರೆಯ ಜೋಲಿಯೂ ಮಲಗಿದಲ್ಲೇ ಇರುವ ಮಗುವಿಗೆ ಸರಿ. ಕವುಚಿಕೊಳ್ಳುವ ಮಗುವಿಗೆ ಜೋಲಿ ಬೇಡ, ಎದ್ದು ಕೂರಲು ಯತ್ನಿಸುವ ಮಗುವಿಗೆ ತೊಟ್ಟಿಲೂ ಬೇಡ. ಕಟ್ಟಿದ ಜೋಲಿಯನ್ನು ಮಗು ಇಲ್ಲದಾಗ ಬಿಚ್ಚಿಡಿ. ಮನೆಯ ದೊಡ್ಡ ಮಕ್ಕಳು ಅದನ್ನು ಉಯ್ಯಾಲೆ ಮಾಡಿಕೊಂಡು ಕುತ್ತಿಗೆಗೆ ಸುತ್ತಿಸಿಕೊಂಡ ಪ್ರಕರಣಗಳು ಇವೆ.

ವಾಕರ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನ್ನ ದನಿ ಸ್ವಲ್ಪ ಏರುತ್ತದೆ. ಪ್ಲಾಸ್ಟಿಕ್ ತಟ್ಟೆ, ನಡುವೆ ಬಟ್ಟೆಯ ಆಸನ, ಕೆಳಗೆ ಗಾಲಿ, ಗುಂಡಿ ಒತ್ತಿದರೆ ಹಾಡು. ಸೋದರಮಾವನ ಪ್ರೀತಿಯ ಉಡುಗೊರೆ. ಬೇಗ ನಡೆಯುತ್ತದೆ ಎಂದು ತರುತ್ತಾರೆ. ಅದರಲ್ಲಿ ಕುಳಿತ ಮಗು ಬೆರಳ ತುದಿಯಲ್ಲಿ ನೆಲ ಮೀಟಿ ಜಾರುತ್ತದೆಯೇ ಹೊರತು ತನ್ನ ಭಾರವನ್ನು ತಾನು ಹೊತ್ತು ಸಮತೋಲನ ಕಲಿಯುವುದಿಲ್ಲ. ನಡಿಗೆ ಬೇಗ ಬರುವುದಿಲ್ಲ, ತಡವಾಗಲೂಬಹುದು. ಆದರೆ ವೇಗ ಬರುತ್ತದೆ: ಸೆಕೆಂಡಿಗೆ ಸುಮಾರು ಒಂದು ಮೀಟರ್. ಆಸನದ ಎತ್ತರವೂ ಬರುವುದರಿಂದ ಮೇಜಿನ ಮೇಲಿನ ಬಿಸಿ ಕಾಫಿ ಕೈಗೆಟುಕುತ್ತದೆ. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳ 1990ರಿಂದ 2014ರವರೆಗಿನ ಲೆಕ್ಕವನ್ನು 2018ರಲ್ಲಿ ಪ್ರಕಟಿಸಿದರು. ಹದಿನೈದು ತಿಂಗಳೊಳಗಿನ 2,30,000ಕ್ಕೂ ಹೆಚ್ಚು ಮಕ್ಕಳು ವಾಕರ್ ಪೆಟ್ಟಿನಿಂದ ಬಂದಿದ್ದರು, ನೂರಕ್ಕೆ ತೊಂಬತ್ತು ಗಾಯಗಳು ತಲೆ ಅಥವಾ ಕುತ್ತಿಗೆಗೆ, ನೂರಕ್ಕೆ ಎಪ್ಪತ್ತನಾಲ್ಕು ಮಕ್ಕಳು ಬಿದ್ದದ್ದು ಮೆಟ್ಟಿಲಿನಿಂದ. ಕೆನಡಾ 2004ರಲ್ಲಿ ವಾಕರ್ ಮಾರಾಟವನ್ನೇ ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಅದು ಇನ್ನೂ ಎದುರಿಗೇ ತೂಗುತ್ತಿದೆ. ಮಗು ನಿಂತು ಹಿಂದಿನಿಂದ ತಳ್ಳುವ ಮರದ ಮೂರು ಗಾಲಿಯ ಗಾಡಿ ಬೇರೆಯದು. ಅಲ್ಲಿ ಭಾರ ಹೊರುವುದು ಮಗುವಿನ ಕಾಲೇ. ಸಮತಟ್ಟಾದ ನೆಲದಲ್ಲಿ, ಮೆಟ್ಟಿಲಿನಿಂದ ದೂರ, ಯಾರಾದರೂ ಜೊತೆಗಿದ್ದು ಆಡಿಸಬಹುದು.

ಮೆಟ್ಟಿಲಿಗೆ ಮೇಲೆ, ಕೆಳಗೆ ಎರಡೂ ಕಡೆ ಗೇಟ್ ಬೇಕು. ಮೇಲಿನದನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಬೇಕು. ಬರೀ ಒತ್ತಡದಲ್ಲಿ ನಿಲ್ಲುವ ಗೇಟ್ ಮಗುವಿನ ಸಮೇತ ಕೆಳಗೆ ಬರುತ್ತದೆ. ಮಕ್ಕಳು ಹತ್ತುವುದನ್ನು ಮೊದಲು ಕಲಿಯುತ್ತಾರೆ, ಇಳಿಯುವುದನ್ನು ಆಮೇಲೆ. ಹಾಗಾಗಿ ಹತ್ತಿದ ಮಗು ಮೇಲೆ ಸಿಕ್ಕಿಕೊಂಡಿರುತ್ತದೆ. ದಿನಾ ಸ್ವಲ್ಪ ಹೊತ್ತು ನೀವೇ ಕೆಳಗೆ ನಿಂತು, ಹೊಟ್ಟೆ ಮೆಟ್ಟಿಲಿಗೆ ತಾಗಿಸಿ ಕಾಲು ಮುಂದಾಗಿ ಹಿಂದಕ್ಕೆ ಇಳಿಯುವುದನ್ನು ಹೇಳಿಕೊಡಿ. ಮಂಚದಿಂದಲೂ ಹೀಗೇ. ಮತ್ತು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಇನ್ನೊಂದು ಕೈಯಲ್ಲಿ ಮೊಬೈಲ್ ಬೇಡ, ಕಂಬಿ ಇರಲಿ. ಮಗು ತಾನಾಗಿ ಬೀಳುವಂತೆಯೇ ಎತ್ತಿಕೊಂಡವರ ಜೊತೆಗೂ ಬೀಳುತ್ತದೆ.

ಕಿಟಕಿ, ಬಾಲ್ಕನಿಗಳ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ. ಹಳೆಯ ಮೈಸೂರಿನ ಮನೆಗಳ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಕಳ್ಳರಿಗಾಗಿ ಹಾಕಿದ್ದಾದರೂ ಮಕ್ಕಳನ್ನು ಕಾದವು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಪಕ್ಕಕ್ಕೆ ಸರಿಯುವ ಗಾಜು, ಅದರ ಮುಂದೆ ಸೊಳ್ಳೆ ಪರದೆ. ಸೊಳ್ಳೆ ಪರದೆ ಸೊಳ್ಳೆಯನ್ನು ತಡೆಯುತ್ತದೆ, ಒರಗಿದ ಮಗುವನ್ನಲ್ಲ. ನ್ಯೂಯಾರ್ಕ್ ನಗರ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿತು. ಕಿಟಕಿಯಿಂದ ಬಿದ್ದು ಮಕ್ಕಳು ಸಾಯುವುದನ್ನು ನೋಡಿ ಅಲ್ಲಿನ ಆರೋಗ್ಯ ಇಲಾಖೆ 1970ರ ದಶಕದ ಆರಂಭದಲ್ಲಿ ಮನೆ ಮನೆಗೆ ಹೋಗಿ ತಿಳಿವಳಿಕೆ ಕೊಟ್ಟು ಉಚಿತವಾಗಿ ಸರಳು ಹಂಚಿತು. ಬೀಳುವ ಮಕ್ಕಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯಿತು. 1976ರಲ್ಲಿ, ಹತ್ತು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗಳ ಕಿಟಕಿಗೆ ಕಟ್ಟಡದ ಮಾಲೀಕರೇ ಸರಳು ಹಾಕಿಸಬೇಕೆಂಬ ನಿಯಮ ಬಂತು. ಗಮನಿಸಿ, ತಾಯಂದಿರು ಇನ್ನಷ್ಟು ಎಚ್ಚರವಾಗಿರಲಿ ಎಂದು ಹೇಳಿ ಅವರು ಕೈ ತೊಳೆದುಕೊಳ್ಳಲಿಲ್ಲ.

ನಿಮ್ಮ ಮನೆ ಬಾಡಿಗೆಯದಾಗಿದ್ದರೆ ಮಾಲೀಕರನ್ನು ಕೇಳಿ, ಒಪ್ಪದಿದ್ದರೆ ಬಲೆಯನ್ನಾದರೂ ಬಿಗಿಯಿರಿ. ಬಾಲ್ಕನಿಯ ಕಂಬಿಗಳ ನಡುವೆ 10 ಸೆಂಟಿಮೀಟರ್, ಅಂದರೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬೇಡ. ದೇಹ ತೂರಿ ತಲೆ ಸಿಕ್ಕಿಕೊಳ್ಳುವುದೂ ಅಪಾಯವೇ. ಅಡ್ಡ ಕಂಬಿಗಳ ಅಲಂಕಾರ ಚೆನ್ನಾಗಿ ಕಾಣುತ್ತದೆ, ಮಗುವಿಗೆ ಅದು ಏಣಿ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಬೋರಲು ಹಾಕಿದ ಬಕೆಟ್, ತುಳಸಿ ಕುಂಡ, ಚಪ್ಪಲಿ ಗೂಡು ಯಾವುದೂ ಕಂಬಿಗೆ ಒತ್ತಿಕೊಂಡಿರಬಾರದು. ಕಿಟಕಿಯ ಕೆಳಗೆ ಮಂಚವೂ ಬೇಡ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಹಿಡಿದು ನಿಲ್ಲುವ ಮಗು ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ, ಆದ್ದರಿಂದ ಟಿ.ವಿ., ಪುಸ್ತಕದ ಕಪಾಟು, ಬೀರುಗಳನ್ನು ಗೋಡೆಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಮೇಜುಬಟ್ಟೆ ತೆಗೆಯಿರಿ. ಬಚ್ಚಲಿನಲ್ಲಿ ತುಂಬಿದ ಬಕೆಟ್ ಇಡಬೇಡಿ. ನಾನು ಹೇಳಿದ ಆ ಭಾರದ ತಲೆ ಬಕೆಟ್ಟಿಗೆ ಬಗ್ಗಿದರೆ ಮಗುವಿಗೆ ಹಿಂದೆ ಬರಲಾಗುವುದಿಲ್ಲ, ಎರಡು ಇಂಚು ನೀರೂ ಸಾಕು. ನಯವಾದ ಟೈಲ್ಸ್ ಮೇಲೆ ಕಾಲುಚೀಲ ಬೇಡ, ಬರಿಗಾಲೇ ಚೆನ್ನು. ಕಾಲ್ಗೆಜ್ಜೆ ಮಗು ಯಾವ ಕೋಣೆಯಲ್ಲಿದೆ ಎಂದು ಹೇಳುತ್ತದೆ, ನನಗೂ ಇಷ್ಟ. ಆದರೆ ಸಡಿಲವಾದ ಗೆಜ್ಜೆಕಾಳು ಬಾಯಿಗೆ ಹೋಗುತ್ತದೆ, ವಾರಕ್ಕೊಮ್ಮೆ ಎಳೆದು ನೋಡಿ.

ಇಷ್ಟಾದರೂ ಬಿದ್ದರೆ? ಮಗು ತಕ್ಷಣ ಅತ್ತು, ಸಮಾಧಾನವಾಗಿ, ಹಾಲು ಕುಡಿದು ಆಡತೊಡಗಿದರೆ, ಹಣೆಯ ಮೇಲೆ ಮಾತ್ರ ಬುಗುಟು ಬಂದಿದ್ದರೆ ಗಾಬರಿ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಸ್ವಲ್ಪ ಹೊತ್ತು ಒತ್ತಿ. ಎಣ್ಣೆ ಹಚ್ಚಿ ತಿಕ್ಕಬೇಡಿ.

ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳನ್ನು ಬರೆದಿಟ್ಟುಕೊಳ್ಳಿ. ಕ್ಷಣ ಕಾಲವಾದರೂ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಕಿವಿ ಮೂಗಿನಿಂದ ರಕ್ತವೋ ತಿಳಿನೀರೋ ಸೋರಿದರೆ, ನೆತ್ತಿಯ ಮೆತ್ತನೆಯ ಭಾಗ ಉಬ್ಬಿದರೆ, ಒಂದು ಕೈ ಅಥವಾ ಕಾಲು ಆಡಿಸದಿದ್ದರೆ. ಎರಡು ವರ್ಷದೊಳಗಿನ ಮಗುವಿಗೆ ಇನ್ನೂ ಮೂರನ್ನು ಸೇರಿಸಿ: ಹಣೆ ಬಿಟ್ಟು ತಲೆಯ ಬದಿಗೋ ಹಿಂದಕ್ಕೋ ಮೆತ್ತನೆಯ ಊತ, ಮೂರು ಅಡಿಗಿಂತ ಎತ್ತರದಿಂದ ಬಿದ್ದದ್ದು, ಮತ್ತು "ಮಗು ಎಂದಿನಂತಿಲ್ಲ" ಎಂದು ತಾಯಿಗೆ ಅನ್ನಿಸುವುದು. ಕೊನೆಯದನ್ನು ಬರೀ ಭಾವನೆ ಎಂದು ತಳ್ಳಬೇಡಿ. ಅದನ್ನು ವೈದ್ಯರ ಪಟ್ಟಿಯಲ್ಲೇ ಸೇರಿಸಿದ್ದಾರೆ. ಮಗುವಿಗೆ ಪ್ರಜ್ಞೆ ಇಲ್ಲದಿದ್ದರೆ ಎತ್ತಿ ಕುಲುಕಬೇಡಿ, 108ಕ್ಕೆ ಕರೆ ಮಾಡಿ. ವೈದ್ಯರಿಗೆ ಎಷ್ಟು ಎತ್ತರದಿಂದ, ಎಂಥ ನೆಲಕ್ಕೆ, ಎಷ್ಟು ಹೊತ್ತಿಗೆ ಎಂಬುದನ್ನು ಇದ್ದಂತೆ ಹೇಳಿ.

ಇನ್ನು ಪ್ರಶ್ನೆಗಳು.

"ಬಿದ್ದ ಮೇಲೆ ಮಲಗಿಸಬಾರದು ಎನ್ನುತ್ತಾರೆ, ನಿಜವೇ?" ಒಬ್ಬ ಅಜ್ಜಿ ಕೇಳಿದರು. ಮಲಗುವ ಹೊತ್ತಾಗಿದ್ದು, ಮಗು ಅಲ್ಲಿಯವರೆಗೆ ಸರಿಯಾಗಿಯೇ ಇದ್ದರೆ ಮಲಗಲಿ ಅಮ್ಮಾ. ಅಳಲು ಬಿಟ್ಟು ಎಚ್ಚರವಾಗಿಡುವುದರಿಂದ ಲಾಭವಿಲ್ಲ. ರಾತ್ರಿ ಒಂದೆರಡು ಸಲ ಮುಟ್ಟಿ ನೋಡಿ, ಮಿಸುಕಾಡಿ ಮತ್ತೆ ಮಲಗಿದರೆ ಸಾಕು. ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸಿದರೆ ಕಾಯಬೇಡಿ, ಕರೆತನ್ನಿ.

"ಸ್ಕ್ಯಾನ್ ಮಾಡಿಸಿಬಿಟ್ಟರೆ ನೆಮ್ಮದಿ ಅಲ್ಲವೇ ಡಾಕ್ಟರೇ?" ಇದು ಒಬ್ಬ ತಂದೆಯ ಪ್ರಶ್ನೆ. ಅಮೆರಿಕದಲ್ಲಿ ತಲೆಗೆ ಪೆಟ್ಟಾದ 42,412 ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವಿದೆ; ಮೇಲಿನ ಲಕ್ಷಣಗಳಲ್ಲಿ ಹೆಚ್ಚಿನವು ಅದರಿಂದಲೇ ಬಂದವು. ಗಂಭೀರ ಮಿದುಳಿನ ಪೆಟ್ಟು ಕಂಡದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಕ್ಕಳಲ್ಲಿ. ಸಿ.ಟಿ. ಸ್ಕ್ಯಾನಿನ ವಿಕಿರಣ ಎಳೆಯ ಮಿದುಳಿಗೆ ಒಳ್ಳೆಯದಲ್ಲ. ಕೆಲವು ಗಂಟೆ ಆಸ್ಪತ್ರೆಯಲ್ಲೇ ಕೂರಿಸಿ ಮಗುವನ್ನು ಗಮನಿಸುವ ವೈದ್ಯರು ಸಿಕ್ಕಿದರೆ, ಏನೂ ಮಾಡಲಿಲ್ಲ ಎಂದು ಬೇಸರಪಡಬೇಡಿ.

"ತಲೆಗೆ ಕಟ್ಟುವ ಮೆತ್ತನೆಯ ಟೊಪ್ಪಿಗೆ, ಬೆನ್ನಿಗೆ ಕಟ್ಟುವ ದಿಂಬು ಬರುತ್ತವಲ್ಲ?" ಬೇಕಿಲ್ಲ. ನಮ್ಮ ಊರಿನ ಸೆಕೆಗೆ ಮಗು ಬೆವರುವುದು ಖಂಡಿತ. ಎತ್ತರದಿಂದ ಬಿದ್ದಾಗ ಅವು ಕಾಪಾಡುತ್ತವೆಂದು ನಂಬಿ ನೀವು ಸಡಿಲವಾಗುವುದೇ ಅವುಗಳ ದೊಡ್ಡ ದೋಷ. ಮೇಜಿನ ಮೂಲೆಗೆ ಅಂಟಿಸುವ ರಬ್ಬರ್ ತುಂಡುಗಳು ಪರವಾಗಿಲ್ಲ, ಮಗು ಕಿತ್ತು ತಿನ್ನದಂತೆ ನೋಡಿಕೊಳ್ಳಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾತ ಎದ್ದು, "ವಾಕರ್ ಆಗಲೇ ತಂದಾಗಿದೆ, ಯಾರಿಗಾದರೂ ಕೊಟ್ಟುಬಿಡಲೇ?" ಎಂದರು. ಇನ್ನೊಂದು ಮಗುವಿರುವ ಮನೆಗೆ ಮಾತ್ರ ಕೊಡಬೇಡಿ ತಾತ. ಗಾಲಿ ಮುರಿದು ಗುಜರಿಗೆ ಹಾಕಿ. ಗುಜರಿಯವರು ಪ್ಲಾಸ್ಟಿಕ್ಕಿಗೆ ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಅದಕ್ಕೆ ಸ್ವಲ್ಪ ಸೇರಿಸಿ ಒಂದು ಚಾಪೆ ತನ್ನಿ, ಮೊಮ್ಮಗುವಿನ ಜೊತೆ ನೀವೂ ಅದರ ಮೇಲೆ ಕೂರಬಹುದು.